ಗಡ್ಡಕ್ಕೊಂದು ನೆಪ

ನಮ್ಮ ಕಡೆ ಗಂಡಸು ಸುಮ್ನೆ ಗಡ್ಡ ಬಿಡುವ ಹಾಗಿಲ್ಲ. ನಾಲ್ಕು ದಿನ ಬಿಟ್ಟರೆ ಜ್ವರವಾ ಅನ್ನುತ್ತಾರೆ. ಹತ್ತು ದಿನವಾದರೆ ಹುಡುಗಿ ಕೈಕೊಟ್ಟಳಾ ಅನ್ನುತ್ತಾರೆ. ಮದುವೆಯಾಗಿದ್ದರೆ ಹೆಂಡತಿ ಬಸುರಿ ಇರಬೇಕು, ಇಲ್ಲ ತಿರುಪತಿಗೆ ಹರಕೆ ಇರಬೇಕು. ಅದೂ ಅಲ್ಲ ಅಂದರೆ ಕೆಲಸ ಹೋಗಿರಬೇಕು! ಅಮೆರಿಕದಲ್ಲಿ ಈ ತಾಪತ್ರಯ ಇರಲ್ಲ ಅಂದುಕೊಂಡಿದ್ದೆ. ಮಿಷಿಗನ್‌ಗೆ ಬಂದ ಮೇಲೆ ಗೊತ್ತಾಯಿತು, ಇಲ್ಲೂ ನೆಪ ಬೇಕು. ಇಲ್ಲಿನ ನೆಪದ ಹೆಸರು ಜಿಂಕೆ.

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನಿಗೆ ಐವತ್ತೈದು ದಾಟಿದೆ. ವರ್ಷದಲ್ಲಿ ಹತ್ತು ತಿಂಗಳು ಅವನ ಕೆನ್ನೆ ಸ್ಟೀಲ್ ತಟ್ಟೆಯ ಹಾಗೆ ನುಣ್ಣಗೆ. ಅಕ್ಟೋಬರ್‌ನಲ್ಲಿ ಮೇಪಲ್ ಎಲೆ ಕೆಂಪಾಗುವುದಕ್ಕೂ ಅವನ ಗಲ್ಲ ಬೂದಿಬಣ್ಣಕ್ಕೆ ತಿರುಗುವುದಕ್ಕೂ ಸರಿಹೋಗುತ್ತದೆ. ನವೆಂಬರ್ 15ಕ್ಕೆ ಬಂದೂಕಿನ ಜಿಂಕೆ ಬೇಟೆ ಶುರು, 30ಕ್ಕೆ ಮುಗಿಯಿತು. ವಾರ ಯಾವುದೇ ಬರಲಿ, ತಾರೀಕು ಬದಲಾಗಲ್ಲ. ಉತ್ತರದ ಕೆಲವು ಊರುಗಳಲ್ಲಿ ಅವತ್ತು ಶಾಲೆಗೇ ರಜ. ಹೊಸತೊಡಕಿನ ಬೆಳಗ್ಗೆ ನಮ್ಮಲ್ಲಿ ಮಟನ್ ಅಂಗಡಿ ಮುಂದೆ ಸಾಲು ನಿಲ್ಲುವ ಹಾಗೆ, ಇಲ್ಲಿ ಹೆದ್ದಾರಿ 75ರಲ್ಲಿ ಉತ್ತರಕ್ಕೆ ಪಿಕಪ್‌ಗಳ ಸಾಲು.

ಗಡ್ಡ ಯಾಕೆ ಅಂತ ಕೇಳಿದೆ. ಚಳಿಗೆ ಅಂದ. ಆಮೇಲೆ, ಜಿಂಕೆಯ ಮೂಗು ಬಲು ಚುರುಕು, ಶೇವಿಂಗ್ ಕ್ರೀಮಿನ ವಾಸನೆ ಗಾಳಿಯಲ್ಲಿ ಹೋದರೆ ಕೆಟ್ಟಿತು ಅಂದ. ಮುಖವೂ ಮರೆಯಾಗುತ್ತದಂತೆ. ಆದರೆ ಅವನು ಹಾಕುವ ಜಾಕೆಟ್ ಕಣ್ಣು ಕುಕ್ಕುವ ಕಿತ್ತಳೆ! ಒಬ್ಬರನ್ನೊಬ್ಬರು ಹೊಡೆಯದಿರಲಿ ಅಂತ ಕಿತ್ತಳೆ ತೊಡುವುದು ಕಾನೂನು. ಜಿಂಕೆಯ ಕಣ್ಣಿಗೆ ಆ ಬಣ್ಣ ಎದ್ದು ಕಾಣಲ್ಲ, ಒಪ್ಪಿದೆ. ಆದರೂ ರಸ್ತೆ ರಿಪೇರಿಯವರ ಹಾಗೆ ಮೈಯೆಲ್ಲ ಹೊಳೆಯುತ್ತಾ ಗಲ್ಲ ಮಾತ್ರ ಮುಚ್ಚಿಕೊಳ್ಳುವುದು ತಮಾಷೆಯಲ್ವಾ? ಅದೇ ಗಡ್ಡದಲ್ಲಿ ಬೆಳಗಿನ ಬೇಕನ್ ವಾಸನೆ ಬೇರೆ. ನಿಜ ಸಂಗತಿ ಇಷ್ಟೇ: ಅವನ ಹೆಂಡತಿಗೆ ಗಡ್ಡ ಕಂಡರಾಗಲ್ಲ. ಜಿಂಕೆಯ ಹೆಸರು ಹೇಳಿದರೆ ಎರಡು ತಿಂಗಳು ಮಾಫಿ.

ನಾನೇನು ಕಡಿಮೆ! ಶಬರಿಮಲೆಯ ಮಂಡಲ ಕಾಲವೂ ನವೆಂಬರ್ ಮಧ್ಯಕ್ಕೇ ಶುರುವಾಗುವುದು. 41 ದಿನ ಶೇವ್ ಇಲ್ಲ. ಹೋದ ವರ್ಷ ಮಾಲೆ ಹಾಕಿಕೊಂಡೆ. ಕಪ್ಪು ಶರ್ಟು, ತಣ್ಣೀರು ಸ್ನಾನ, ನೆಲದ ಮೇಲೆ ನಿದ್ದೆ. ಬರಿಗಾಲು ಮನೆಯೊಳಗೆ ಮಾತ್ರ. ಮೊದಲ ವಾರದ್ದು ಗಡ್ಡ ಅಲ್ಲ, ಮುಖ ತೊಳೆಯಲಿಲ್ಲವೇನೋ ಅನ್ನುವ ಅನುಮಾನ. ಎರಡನೇ ವಾರ ಕಡಿತ. ಅದೂ ಎಲ್ಲಿ? ಗಂಟಲ ಹತ್ತಿರ, ಮಾಲೆಯ ಮಣಿ ತಾಗುವ ಕಡೆ. ಮೀಟಿಂಗಿನಲ್ಲಿ ಪೆನ್ನಿನ ಹಿಂಬದಿಯಿಂದ ಕೆರೆದುಕೊಂಡೆ. ಮಫ್ಲರಿನ ಉಣ್ಣೆ ಗಡ್ಡಕ್ಕೆ ಸಿಕ್ಕಿಕೊಂಡು ಎಳೆ ಎಳೆಯಾಗಿ ಬಂತು. ಬೆಳಗ್ಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುವಾಗ ಉಸಿರಿನ ಆವಿ ಮೀಸೆಯ ಮೇಲೇ ಹರಳುಗಟ್ಟುತ್ತಿತ್ತು. ಒಳಗೆ ಬಂದರೆ ಅದು ಕರಗಿ ಕಾಫಿ ಲೋಟಕ್ಕೆ ತೊಟ್ಟಿಕ್ಕುತ್ತಿತ್ತು. ವಿಡಿಯೋ ಕಾಲ್‌ನಲ್ಲಿ ಅತ್ತೆ ನನ್ನನ್ನು ಬಿಟ್ಟು ಮಗಳನ್ನು ಕೇಳಿದರು, "ಅಳಿಯಂದ್ರು ಹುಷಾರಾಗಿದ್ದಾರೇನೇ?" ಮಾಲೆ ಎತ್ತಿ ತೋರಿಸಿದೆ. ಕೈ ಮುಗಿದರು!

ಡಿಸೆಂಬರ್‌ನ ಮೊದಲ ಸೋಮವಾರ ಪಕ್ಕದವನು ವಾಪಸ್ ಬಂದ. ಕೆನ್ನೆ ಮತ್ತೆ ಸ್ಟೀಲ್ ತಟ್ಟೆ. ನನ್ನ ಮುಖ ನೋಡಿ, "ಹೇಳಲೇ ಇಲ್ಲ! ಯಾವ ಕ್ಯಾಂಪಿಗೆ ಹೋಗಿದ್ದೆ?" ಅಂದ. ಒಣಗಿಸಿದ ಜಿಂಕೆ ಮಾಂಸದ ಪೊಟ್ಟಣ ಮುಂದೆ ಹಿಡಿದ. ಅದರ ಹಿಂದಿನ ವರ್ಷದ್ದು, ಆ ಸಲ ಏನೂ ಬಿದ್ದಿರಲಿಲ್ಲ. ವ್ರತ ಅಂದೆ. ದೇವರ ಗಡ್ಡ ಅಂತ ಬಿಡಿಸಿ ಹೇಳಿದೆ.

"ಹಾಗಾದರೆ ಬೇಟೆಗೂ ಅದಕ್ಕೂ ಸಂಬಂಧ ಇಲ್ಲ?"

ಇಲ್ಲ ಅನ್ನಲು ಹೊರಟವನು ತಡೆದೆ. ಇದೆಯಲ್ಲ! ಪಂದಳದ ರಾಜ ಬೇಟೆಗೆ ಹೋದಾಗಲೇ ತಾನೇ ಪಂಪಾ ನದಿಯ ದಡದಲ್ಲಿ ಅಯ್ಯಪ್ಪ ಮಗುವಾಗಿ ಸಿಕ್ಕಿದ್ದು. ಮಗುವಿನ ಅಳು, ಕೊರಳಲ್ಲಿದ್ದ ಮಣಿ, ಮಕ್ಕಳಿಲ್ಲದ ರಾಜನ ಸಂತೋಷ, ಎಲ್ಲ ಹೇಳಿದೆ. ಅವನು ಕುರ್ಚಿ ಹತ್ತಿರ ಎಳೆದುಕೊಂಡು ಕೊನೆವರೆಗೂ ಕೇಳಿದ.

"ಎಲ್ಲ ಸರಿ," ಅಂದ, "ರಾಜನಿಗೆ ಜಿಂಕೆ ಸಿಕ್ಕಿತಾ, ಇಲ್ವಾ?"