ಬಲೂನಿನ ಲೆಕ್ಕ

ಹದಿಮೂರರ ಮಗ್ಗಿ ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಆದರೆ ಪ್ರಾಣಿಗಳನ್ನು ಕಾದಾಡಿಸುವ ವಿಡಿಯೋ ಗೇಮ್ ಪೋಕೆಮಾನ್ ಆಡಲು ಕೂತರೆ ಸಾಕು, ನನ್ನೊಳಗಿನ ಶಾನುಭೋಗ ಎದ್ದು ಕೂರುತ್ತಾನೆ. ಪಕ್ಕದ ಟ್ಯಾಬಿನಲ್ಲಿ ಯಾವ ಏಟಿಗೆ ಎಷ್ಟು ಜೀವ ಹೋಗುತ್ತದೆ ಅಂತ ಲೆಕ್ಕ ಹಾಕಿಕೊಡುವ ಡ್ಯಾಮೇಜ್ ಕ್ಯಾಲ್ಕುಲೇಟರ್ ಇಲ್ಲದೆ ಒಂದು ಏಟೂ ಹಾಕುವುದಿಲ್ಲ.

ಈ ಚಟಕ್ಕೆ ಕಾರಣ ಇದೆ. ಈ ಆಟದಲ್ಲಿ ಒಂದೇ ಏಟು 85ರಿಂದ 100 ಪರ್ಸೆಂಟ್ ಜೋರಿನ ನಡುವೆ 16 ಬಗೆಯಲ್ಲಿ ಬೀಳಬಹುದು. ಹಿಂದೊಮ್ಮೆ ಅದರಲ್ಲಿ 15 ಬಗೆಗೂ ಎದುರಾಳಿ ಮಲಗಬೇಕಿತ್ತು. ನನಗೆ ಬಿದ್ದದ್ದು ಹದಿನಾರನೆಯದು. ಅವತ್ತಿನಿಂದ ಖಾತ್ರಿ ಸಿಗದೆ ಕೈ ಎತ್ತುವುದಿಲ್ಲ ಅಂತ ಶಪಥ.

ಮೊನ್ನೆಯ ಪಂದ್ಯದಲ್ಲಿ ಕೊನೆಗೆ ನನಗೂ ಎದುರಾಳಿಗೂ ಒಂದೊಂದೇ ಪೋಕೆಮಾನ್ ಉಳಿದಿತ್ತು. ನನ್ನದು ಗಾರ್ಚಾಂಪ್, ಮೂರರಲ್ಲೊಂದು ಪಾಲು ಜೀವ ಹಿಡಿದುಕೊಂಡು ನಿಂತಿತ್ತು. ಅವನು ಹೀಟ್ರಾನ್ ಇಳಿಸಿದ. ನನಗೆ ನಗು ಬಂತು. ಹೀಟ್ರಾನ್ ಬೆಂಕಿ ಮತ್ತು ಉಕ್ಕಿನ ಜಾತಿ. ಎರಡಕ್ಕೂ ನೆಲದ ಏಟು ಆಗಿಬರಲ್ಲ. ಅರ್ಥ್‌ಕ್ವೇಕ್ ಎಂಬ ನನ್ನ ನೆಲದ ಏಟು ನಾಲ್ಕು ಪಟ್ಟು ಬೀಳುತ್ತದೆ. ಸುಮ್ನೆ ಒತ್ತಿದ್ದರೂ ಆಗಿತ್ತು ಅಂತ ಯಾರಾದರೂ ಹೇಳುತ್ತಾರೆ.

ನಾನು ಮಾತ್ರ ಟ್ಯಾಬಿಗೆ ಓಡಿದೆ. ಲೆವೆಲ್ 50 ಹಾಕಿದೆ. ನನ್ನದಕ್ಕೆ ಅಟ್ಯಾಕ್‌ನಲ್ಲಿ 252 ಇವಿ (ತರಬೇತಿಯಿಂದ ಬರುವ ಅಂಕ), ಜಾಲಿ ನೇಚರ್ (ವೇಗ ಹೆಚ್ಚಿಸುವ ಸ್ವಭಾವ). ಅವನದಕ್ಕೆ ಧಾರಾಳವಾಗಿ ಜೀವದಲ್ಲಿ, ಅಂದರೆ ಎಚ್‌ಪಿಯಲ್ಲಿ 252 ಕೊಟ್ಟೆ, ಅಯ್ಯೋ ಪಾಪ ಅಂತ. ಉತ್ತರ ಬಂತು: 328ರಿಂದ 388, ಅಂದರೆ ಅದರ ಪೂರ್ತಿ ಜೀವದ 165.6ರಿಂದ 195.9 ಪರ್ಸೆಂಟ್. ಹದಿನಾರಕ್ಕೆ ಹದಿನಾರೂ ಸಾವೇ! ಮತ್ತೊಮ್ಮೆ ನೋಡಿ ಆನಂದಪಟ್ಟೆ. ವಾಪಸ್ ಬಂದು ರಾಜಗಾಂಭೀರ್ಯದಿಂದ ಅರ್ಥ್‌ಕ್ವೇಕ್ ಒತ್ತಿದೆ.

ಏನೂ ಆಗಲಿಲ್ಲ.

ಹೀಟ್ರಾನ್ ಗಾಳಿಯಲ್ಲಿ ತೇಲುತ್ತಿತ್ತು. ಏರ್ ಬಲೂನ್ ಕಟ್ಟಿಕೊಂಡು ಬಂದಿತ್ತು ಮಹಾರಾಯ! ಅದನ್ನು ಕಟ್ಟಿಕೊಂಡವರಿಗೆ ನೆಲದ ಏಟು ತಾಗುವುದೇ ಇಲ್ಲ. ಮೋಸ ಅನ್ನೋಣ ಅಂದರೆ ಅದೂ ಇಲ್ಲ. ಬಲೂನ್ ಇದ್ದರೆ ಕಣಕ್ಕೆ ಇಳಿದ ಕ್ಷಣವೇ ಆಟ ಪರದೆಯ ಮೇಲೆ ಬರೆದು ಸಾರುತ್ತದೆ. ಆ ಹೊತ್ತಿಗೆ ನಾನು ಪಕ್ಕದ ಟ್ಯಾಬಿನಲ್ಲಿ ಇವಿ ತುಂಬುತ್ತಿದ್ದೆ. ಬೇರೆ ಯಾವ ಏಟು ತಾಗಿದ್ದರೂ ಬಲೂನ್ ಒಡೆಯುತ್ತಿತ್ತು. ನನ್ನ ಹತ್ತಿರ ಡ್ರ್ಯಾಗನ್ ಕ್ಲಾ ಎಂಬ ಇನ್ನೊಂದು ಏಟು ಕೂಡ ಇತ್ತು.

ಹೀಟ್ರಾನ್‌ನ ಏಟು ಫ್ಲ್ಯಾಶ್ ಕ್ಯಾನನ್ ಬಿತ್ತು. ಗಾರ್ಚಾಂಪ್ ಮಲಗಿತು.

ಕ್ಯಾಲ್ಕುಲೇಟರಿಗೆ ನಾಲ್ಕು ಮಾತು ಬೈಯಬೇಕು ಅಂತ ಮತ್ತೆ ಆ ಟ್ಯಾಬಿಗೆ ಹೋದೆ. ಹೀಟ್ರಾನ್ ಪಕ್ಕದ ಐಟಂ ಖಾನೆ ನಾನು ಬಿಟ್ಟ ಹಾಗೇ ಖಾಲಿ ಇತ್ತು. ಹಟಕ್ಕೆ ಏರ್ ಬಲೂನ್ ತುಂಬಿದೆ. ಅದು ಅಷ್ಟೇ ತಣ್ಣಗೆ ಹೊಸ ಉತ್ತರ ಕೊಟ್ಟಿತು: 0ಯಿಂದ 0.