ಕಮಲಾ ಸೊಹೋನಿ ಅವರಿಗೆ ಸಿಕ್ಕಿದ್ದು ನೊಬೆಲ್ ಅಲ್ಲ: ಸ್ಪಷ್ಟನೆ

ಬದಿಯಡ್ಕ, ಕುಂಬಳೆ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ‘ನೀರಾ ಸಂಶೋಧನೆಗೆ ನೊಬೆಲ್ ಪಡೆದ ಭಾರತೀಯ ಮಹಿಳೆ’ ಎಂಬ ಸಂದೇಶ ತಪ್ಪು. (ನೀರಾ ಎಂದರೆ ತೆಂಗು, ಈಚಲಿನಂಥ ಮರಗಳಿಂದ ಇಳಿಸುವ, ಹುಳಿ ಬಾರದ ಸಿಹಿ ರಸ.) ತೆಂಗಿನ ಹೊಂಬಾಳೆಗೆ ಮಡಕೆ ಕಟ್ಟಿದ ಚಿತ್ರ ಕಂಡು, ನಮ್ಮ ತೋಟದ್ದೇ ವಿಷಯವೆಂಬ ಖುಷಿಯಲ್ಲಿ ಮೊನ್ನೆ ನಾನೂ ಅದನ್ನು ಹಂಚಿದ್ದೆ. ಕ್ಷಮೆ ಇರಲಿ.

ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ಅವರಿಗೆ ನೀರಾ ಕುರಿತ ಕೆಲಸಕ್ಕಾಗಿ ದೊರೆತದ್ದು ರಾಷ್ಟ್ರಪತಿ ಪ್ರಶಸ್ತಿ. ನೊಬೆಲ್ ಪುರಸ್ಕೃತರ ಅಧಿಕೃತ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಕೇಂಬ್ರಿಜ್‌ನಲ್ಲಿ ಅವರೊಂದಿಗಿದ್ದ ಹಿರಿಯ ವಿಜ್ಞಾನಿ ಫ್ರೆಡರಿಕ್ ಹಾಪ್ಕಿನ್ಸ್ 1929ರಲ್ಲಿ ನೊಬೆಲ್ ಪಡೆದಿದ್ದರು, ಎರಡೂ ಬೆರೆತುಹೋಗಿರಬಹುದು.

ಇಲ್ಲದ ಪ್ರಶಸ್ತಿಯ ಹಂಗು ಅವರಿಗೆ ಬೇಕಿಲ್ಲ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಅಲ್ಲಿನ ಅಂದಿನ ನಿರ್ದೇಶಕ ಸಿ.ವಿ. ರಾಮನ್ ಮೊದಲು ನಿರಾಕರಿಸಿದರು. ಇವರು ಪಟ್ಟು ಬಿಡದೆ ಸೇರಿದರು. ಮುಂದೆ ಆಲೂಗಡ್ಡೆಯನ್ನು ಪರೀಕ್ಷಿಸುತ್ತಾ ಸಸ್ಯಕೋಶಗಳಲ್ಲೂ ಸೈಟೋಕ್ರೋಮ್ ಸಿ (ಜೀವಕೋಶದ ಉಸಿರಾಟಕ್ಕೆ ಬೇಕಾದ ಒಂದು ಪ್ರೋಟೀನ್) ಇದೆಯೆಂದು ತೋರಿಸಿ, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಅಪೌಷ್ಟಿಕತೆಯಿಂದ ಬಳಲುವ ಬುಡಕಟ್ಟು ಮಕ್ಕಳಿಗೆ, ಬಸುರಿಯರಿಗೆ ನೀರಾ ಹೇಗೆ ನೆರವಾಗುತ್ತದೆ ಎಂಬುದನ್ನು ಅಧ್ಯಯನ ಮಾಡಿದ್ದು ಆಮೇಲೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.