ಗಡಿ ದಾಟಿದರೆ ಪೆನ್ನು ಬರೆಯುತ್ತದೆ

ನಾನು ನರ್ಸ್ ಪ್ರಾಕ್ಟೀಷನರ್: ವೈದ್ಯನಲ್ಲ, ಹೆಚ್ಚಿನ ಓದು ಮುಗಿಸಿ ರೋಗಿಗಳನ್ನು ಪರೀಕ್ಷಿಸಿ ಔಷಧಿ ಬರೆಯುವ ನರ್ಸ್. ಸೋಮವಾರದಿಂದ ಬುಧವಾರದವರೆಗೆ ನಾನು ಟೆಕ್ಸಾಸಿನ ಎಲ್ ಪಾಸೋದ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡುತ್ತೇನೆ. ಗುರುವಾರ, ಶುಕ್ರವಾರ ರಾಜ್ಯದ ಗಡಿಯಾಚೆ, ನ್ಯೂ ಮೆಕ್ಸಿಕೋದ ಸನ್‌ಲ್ಯಾಂಡ್ ಪಾರ್ಕಿನಲ್ಲಿ. ನಡುವೆ ಕಾರಿನಲ್ಲಿ ಅರ್ಧ ಗಂಟೆಯ ದಾರಿಯೂ ಇಲ್ಲ. ಓದಿದ್ದು ಅದೇ, ಪಾಸಾದ ಪರೀಕ್ಷೆ ಅದೇ, ಕೊರಳಲ್ಲಿರುವ ಸ್ಟೆತಾಸ್ಕೋಪೂ ಅದೇ. ಆದರೆ ಒಂದು ಕಡೆ ಗಮನ ನಿಲ್ಲದ ಹುಡುಗನಿಗೆ ಮೀಥೈಲ್‌ಫೆನಿಡೇಟ್ ಬರೆದುಕೊಡಬಲ್ಲೆ, ಇನ್ನೊಂದು ಕಡೆ ಇಲ್ಲ. ಅದು ಸೇರಿರುವ ಎರಡನೆಯ ಷೆಡ್ಯೂಲಿನ, ಅಂದರೆ ಚಟ ಹತ್ತಿಸುವ ಭಯದಿಂದ ಕಾನೂನು ಬಿಗಿಯಾಗಿ ಹಿಡಿದಿಟ್ಟ ಔಷಧಿಗಳನ್ನು ಟೆಕ್ಸಾಸಿನ ನರ್ಸ್ ಪ್ರಾಕ್ಟೀಷನರುಗಳು ಆಸ್ಪತ್ರೆಯ ಒಳರೋಗಿಗಳಿಗೆ, ತುರ್ತು ವಿಭಾಗದಲ್ಲಿ ಅಥವಾ ಕೊನೆಗಾಲದ ಆರೈಕೆಯ ಹಾಸ್ಪೈಸ್‌ನಲ್ಲಿರುವವರಿಗೆ ಮಾತ್ರ ಬರೆಯಬಹುದು. ಎರಡೂ ಕಡೆ ನನ್ನನ್ನು ಕಂಡಿದ್ದ ಒಬ್ಬ ತಾಯಿ ಒಮ್ಮೆ ಕೇಳಿದಳು: "ಬುಧವಾರ ನಿಮಗೆ ಗೊತ್ತಿಲ್ಲದ ವಿದ್ಯೆ ಗುರುವಾರ ಎಲ್ಲಿಂದ ಬರುತ್ತದೆ?"

ಟೆಕ್ಸಾಸಿನಲ್ಲಿ ನಾನು ಔಷಧಿ ಬರೆಯಬೇಕಾದರೆ ವೈದ್ಯರೊಬ್ಬರ ಜೊತೆ ಲಿಖಿತ ಒಪ್ಪಂದ ಇರಬೇಕು. ಸಾಮಾನ್ಯವಾಗಿ ಒಬ್ಬ ವೈದ್ಯರು ಪೂರ್ಣಾವಧಿಯ ಏಳು ಮಂದಿಗೆ ಸಮನಾದಷ್ಟು ಜನರಿಗೆ ಹೀಗೆ ಅಧಿಕಾರ ವಹಿಸಿಕೊಡಬಹುದು. ನನ್ನ ಒಪ್ಪಂದದ ವೈದ್ಯರು ಸಜ್ಜನರು. ತಿಂಗಳಿಗೊಮ್ಮೆ ವಿಡಿಯೋ ಕರೆಯಲ್ಲಿ ಸಿಗುತ್ತಾರೆ, ಹತ್ತಾರು ಕಡತ ತಿರುವುತ್ತಾರೆ, ಹವಾಮಾನ ವಿಚಾರಿಸುತ್ತಾರೆ. ಅದಕ್ಕೆ ಅವರಿಗೆ ಪ್ರತಿ ತಿಂಗಳೂ ಹಣ ಸಂದಾಯವಾಗುತ್ತದೆ. ನನ್ನ ರೋಗಿಗಳಲ್ಲಿ ಒಬ್ಬರ ಮುಖವನ್ನೂ ಅವರು ಕಂಡಿಲ್ಲ.

ಇದು ನನಗೆ ಹೊಸದೇನೂ ಆಗಿರಲಿಲ್ಲ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಯೊಂದರ ರಾತ್ರಿ ಪಾಳಿಯಲ್ಲಿ ನಾಲ್ಕು ವರ್ಷ ದುಡಿದವನು ನಾನು. ರಾತ್ರಿ ಎರಡು ಗಂಟೆಗೆ ರೋಗಿಯ ರಕ್ತದೊತ್ತಡ ಕುಸಿದರೆ ವೈದ್ಯರಿಗೆ ಫೋನ್ ಮಾಡುತ್ತಿದ್ದೆವು. ನಿದ್ದೆಗಣ್ಣಿನ ದನಿ ಕೇಳಿಸುತ್ತಿತ್ತು: "ಬ್ರದರ್, ನಿಮಗೆ ಗೊತ್ತಲ್ಲ, ಕೊಟ್ಟುಬಿಡಿ. ಬೆಳಿಗ್ಗೆ ಬಂದು ಬರೆಯುತ್ತೇನೆ." ಬೆಳಗಿನ ರೌಂಡ್ಸ್‌ನಲ್ಲಿ ಅವರು ಕೇಸ್ ಶೀಟಿನಲ್ಲಿ ನಾವು ಖಾಲಿ ಬಿಟ್ಟ ಸಾಲಿನಲ್ಲಿ ರಾತ್ರಿಯ ಸಮಯ ಹಾಕಿ ಸಹಿ ಮಾಡುತ್ತಿದ್ದರು. ರೋಗಿ ಉಳಿದರೆ ಆ ಸಹಿ ವೈದ್ಯರದು. ಹೆಚ್ಚುಕಡಿಮೆಯಾದರೆ "ಆರ್ಡರ್ ಇಲ್ಲದೆ ಯಾಕೆ ಕೊಟ್ಟಿರಿ?" ಎಂಬ ನೋಟಿಸ್ ನಮಗೆ. ಹೀಗೆ ಎರಡು ಸಲ ಬಂದದ್ದನ್ನು ಕಂಡಿದ್ದೇನೆ, ಒಂದು ನನ್ನ ಹೆಸರಿಗೇ.

ಅಂದರೆ ಕರ್ನಾಟಕದಲ್ಲೂ ಟೆಕ್ಸಾಸಿನಲ್ಲೂ ಕೆಲಸ ನರ್ಸಿನದೇ, ಸಹಿ ವೈದ್ಯರದೇ. ನಾನು ಕಂಡ ವ್ಯತ್ಯಾಸ ಬೇರೆಯದು. ಇಲ್ಲಿ ಆ ಸಹಿ ಯಾಕೆ ಬೇಕು ಎಂದು ನರ್ಸುಗಳು ಶಾಸಕರನ್ನೇ ಕೇಳುತ್ತಾರೆ.

1965ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ಆಮೇಲಿನದೆಲ್ಲ ರಾಜ್ಯ ರಾಜ್ಯದ ಶಾಸನಸಭೆಯಲ್ಲಿ ನಡೆದ ಜಗ್ಗಾಟ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಈಗ ವೈದ್ಯರ ಒಪ್ಪಂದವಿಲ್ಲದೆಯೇ ಔಷಧಿ ಬರೆಯುವ ಪೂರ್ಣ ಅಧಿಕಾರ ಕೊಟ್ಟಿವೆ. ಟೆಕ್ಸಾಸ್ ಕೊಟ್ಟಿಲ್ಲ. ಅದನ್ನು ಕೊಡುವ ಮಸೂದೆ 2023ರಲ್ಲಿ ಬಂತು, 2025ರಲ್ಲಿ ಮತ್ತೆ ಬಂತು, ಎರಡು ಸಲವೂ ಬಿತ್ತು.

ಆ ಎರಡನೆಯ ಸಲ ನಾನೂ ಆಸ್ಟಿನ್ನಿಗೆ ಹೋಗಿದ್ದೆ. ಎಲ್ ಪಾಸೋದಿಂದ ಒಂಬೈನೂರು ಕಿಲೋಮೀಟರಿಗೂ ಹೆಚ್ಚು ದೂರ. ಕೈಯಲ್ಲಿದ್ದದ್ದು ಒಂದೇ ಒಂದು ಹಾಳೆ: ಮಸೂದೆಯ ಸಂಖ್ಯೆ, ನಮ್ಮ ಕೋರಿಕೆ, ಅವರ ಕ್ಷೇತ್ರದ ರೋಗಿಗೆ ಅದರಿಂದ ಆಗುವುದೇನು ಎಂಬ ನಾಲ್ಕು ಸಾಲು. ಶಾಸಕರು ಸಿಗಲಿಲ್ಲ. ಅವರ ಸಹಾಯಕಿ, ಇಪ್ಪತ್ತೆರಡರ ಹುಡುಗಿ, ನಮ್ಮನ್ನು ಕೂರಿಸಿ ಹಾಳೆಯನ್ನು ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದಳು: "ಇದನ್ನು ವಿರೋಧಿಸುವವರು ನಿಮ್ಮ ಬಗ್ಗೆ ಹೇಳುವುದರಲ್ಲಿ ಯಾವುದು ನಿಜ?"

ತಬ್ಬಿಬ್ಬಾದೆ. ಏಕೆಂದರೆ ನಮ್ಮ ತರಬೇತಿ ಸಾಲದು ಎಂಬ ವೈದ್ಯರ ಆಕ್ಷೇಪಣೆಯಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ನಮ್ಮ ಕೋರ್ಸಿನಲ್ಲಿ ರೋಗಿಗಳ ಜೊತೆ ಕಳೆಯಲೇಬೇಕಾದ ಕನಿಷ್ಠ ಅವಧಿ ಬಹುಕಾಲ 500 ಗಂಟೆಯಷ್ಟೇ ಇತ್ತು. 2022ರಲ್ಲಿ ಅದನ್ನು 750ಕ್ಕೆ ಏರಿಸಿದರು. ವರ್ಷಗಟ್ಟಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲೇ ದುಡಿಯುತ್ತ ಕಲಿಯುವ ತರಬೇತಿ, ಮಾಡಿದ ವೈದ್ಯರ ಮುಂದೆ ಈ ಲೆಕ್ಕ ಹೇಳುವಾಗ ನನಗೇ ಮುಜುಗರವಾಗುತ್ತದೆ. ಆನ್‌ಲೈನಿನಲ್ಲೇ ಬಹುಪಾಲು ಓದು ಮುಗಿಸಿ ಬಂದ ಕೆಲವರ ಜೊತೆ ಕೆಲಸ ಮಾಡಿದ್ದೇನೆ, ಅವರ ಕೈಗೆ ಮೊದಲ ದಿನವೇ ಪೆನ್ನು ಕೊಡುವುದಕ್ಕೆ ನಾನೂ ಒಪ್ಪುವುದಿಲ್ಲ. ನ್ಯೂಯಾರ್ಕ್ 2022ರಲ್ಲಿ ಹಿಡಿದ ದಾರಿ ನನಗೆ ಸರಿಯೆನಿಸುತ್ತದೆ: 3,600 ಗಂಟೆಗಿಂತ ಹೆಚ್ಚಿನ ಅನುಭವವಿದ್ದರೆ ಒಪ್ಪಂದದ ಹಂಗಿಲ್ಲ, ಅಲ್ಲಿಯವರೆಗೆ ಇದೆ. ಹುಡುಗಿಗೆ ಇದನ್ನೇ ಹೇಳಿದೆ. ಬರೆದುಕೊಂಡಳು. ಜೊತೆಗೆ ಬಂದಿದ್ದ ಸಹೋದ್ಯೋಗಿಗಳು ಹೊರಗೆ ಬಂದಮೇಲೆ ನನ್ನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು.

ಇನ್ನು ನಮ್ಮ ಕಡೆಯ ಮಾತು. ಭಾರತೀಯ ನರ್ಸಿಂಗ್ ಪರಿಷತ್ತು 2016ರಲ್ಲೇ ತೀವ್ರ ನಿಗಾ ವಿಭಾಗದ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ತಂದಿತು. ಅದು ರೆಸಿಡೆನ್ಸಿ ಮಾದರಿಯದು, ಓದಿನ ಬಹುಪಾಲು ರೋಗಿಯ ಹಾಸಿಗೆಯ ಪಕ್ಕದಲ್ಲೇ. ಅಮೆರಿಕದ 750 ಗಂಟೆಗಿಂತ ಎಷ್ಟೋ ಮೇಲು. ಆದರೆ ಓದಿ ಬಂದವರಿಗೆ ಏನು ಸಿಕ್ಕಿತು? ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಯ ಔಷಧಿಗೆ ಇಂದಿಗೂ ನೋಂದಾಯಿತ ವೈದ್ಯರ ಚೀಟಿಯೇ ಬೇಕು. ನನಗೆ ಪರಿಚಯವಿರುವ ಇಬ್ಬರಲ್ಲಿ ಒಬ್ಬರು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾರೆ, ಇನ್ನೊಬ್ಬರು ಹಳೆಯ ಹುದ್ದೆಯಲ್ಲೇ ಇದ್ದಾರೆ. ಹುದ್ದೆಯ ಹೆಸರು ಮಾತ್ರ ಸ್ಟಾಫ್ ನರ್ಸ್ ಹೋಗಿ ಶುಶ್ರೂಷಾಧಿಕಾರಿ ಆಗಿದೆ. ಅಧಿಕಾರಿ!

ಹಳ್ಳಿಯ ಆರೋಗ್ಯ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಕಥೆಯೂ ಅಷ್ಟೇ. ಬಿ.ಎಸ್ಸಿ. ನರ್ಸಿಂಗ್ ಓದಿ, ಆರು ತಿಂಗಳ ಸೇತುಬಂಧ ಕೋರ್ಸ್ ಮಾಡಿ ಬಂದವಳು ಬಿಪಿ, ಸಕ್ಕರೆ ಕಾಯಿಲೆಯವರನ್ನು ವಾರವಾರ ನೋಡುತ್ತಾಳೆ. ಔಷಧಿ ಬದಲಿಸಬೇಕೆಂದರೆ ಸರ್ಕಾರದ ದೂರವೈದ್ಯ ಸೇವೆ ಇ-ಸಂಜೀವಿನಿಯ ಪರದೆಯಲ್ಲಿ ವೈದ್ಯರು ಬರಬೇಕು. ಲಕ್ಷಣ ಹೇಳುವವಳು ಅವಳು, ಬಹಳ ಸಲ ಔಷಧಿಯ ಹೆಸರು ಸೂಚಿಸುವವಳೂ ಅವಳೇ.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೆಯ ಸೆಕ್ಷನ್ ವೈದ್ಯರಲ್ಲದ ಸಮುದಾಯ ಆರೋಗ್ಯ ಸೇವಕರಿಗೆ ಚಿಕಿತ್ಸೆ ನೀಡುವ ಸೀಮಿತ ಪರವಾನಗಿಯ ಮಾತೆತ್ತಿದಾಗ ವೈದ್ಯರು ದೇಶವ್ಯಾಪಿ ಮುಷ್ಕರ ಹೂಡಿದರು. ಅದು ಅವರ ಹಕ್ಕು. ನರ್ಸುಗಳ ಸಂಘಗಳು ಪರವೋ ವಿರೋಧವೋ ಎಂಬುದೇ ನನಗಂತೂ ಕೇಳಿಸಲಿಲ್ಲ. ನಮ್ಮಲ್ಲಿ ಅಹವಾಲು ಎಂದರೆ ಮಂತ್ರಿಗಳಿಗೆ ಶಾಲು ಹೊದಿಸಿ ಮನವಿ ಪತ್ರ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು. ಪತ್ರದಲ್ಲಿ ವೇತನ, ಖಾಯಮಾತಿ, ವರ್ಗಾವಣೆ. ತಪ್ಪಲ್ಲ. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೂತ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸಿಗೆ ಕನಿಷ್ಠ 20,000 ರೂಪಾಯಿ ಕೊಡಿ ಎಂದಿತ್ತು. ಅದೇ ಸಿಗದವರು ಪೆನ್ನು ಕೇಳುವುದೆಂತು ಎಂದು ಯಾರಾದರೂ ಹೇಳಿಯಾರು. ಆದರೆ ಕರ್ತವ್ಯದ ವ್ಯಾಪ್ತಿಯನ್ನು ಕಾಗದದ ಮೇಲೆ ತಂದರೆ ಸಂಬಳದ ಮಾತಿಗೂ ಬಲ ಬರುತ್ತದೆ ಎಂಬುದು ನನ್ನ ಲೆಕ್ಕ. ಬರೆಯಬಹುದಾದ ಔಷಧಿಗಳ ಪಟ್ಟಿ, ಇಷ್ಟು ವರ್ಷದ ಅನುಭವ, ಇಂತಹ ಕೋರ್ಸ್: ಒಂದು ಹಾಳೆ ಸಾಕು. ಅದನ್ನು ಹಿಡಿದು ಬೆಳಗಾವಿಯ ಅಧಿವೇಶನಕ್ಕೆ ನಾಲ್ಕು ಮಂದಿ ರಾತ್ರಿ ಪಾಳಿಯವರು ಹೋಗಲಿ, ಶಾಲು ಬೇಡ.

ಟೆಕ್ಸಾಸ್ ಶಾಸನಸಭೆಯ ಮುಂದಿನ ಮಾಮೂಲು ಅಧಿವೇಶನ 2027ರ ಜನವರಿಯಲ್ಲಿ. ರಜೆಯ ಅರ್ಜಿ ಈಗಲೇ ಕೊಟ್ಟಿದ್ದೇನೆ. ಆ ಹುಡುಗಿ ಇನ್ನೂ ಅಲ್ಲೇ ಇದ್ದರೆ, ಈ ಸಲ ಅವಳ ಪ್ರಶ್ನೆಯ ಉತ್ತರವನ್ನು ಹಾಳೆಯಲ್ಲೇ ಬರೆದುಕೊಂಡು ಹೋಗಬೇಕು ಎಂದುಕೊಂಡಿದ್ದೇನೆ. ಸಹೋದ್ಯೋಗಿಗಳು ಇನ್ನೂ ಒಪ್ಪಿಲ್ಲ.